ನೆತ್ತಿಯ ಜಿಡ್ಡು ಮತ್ತು ಕೆನೆಬಣ್ಣದ ಸೋಫಾ

ತಲೆಯೊಳಗೆ ಏನೂ ಇಲ್ಲ ಎಂದು ಜನ ಹೇಳಿದರೆ ನನಗೆ ಅಷ್ಟೇನೂ ಬೇಸರವಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾದವನಿಗೆ ಅದೆಲ್ಲ ಅಭ್ಯಾಸ. ತಲೆಯ ಮೇಲೆ ಏನೋ ಇದೆ ಎಂದರೆ ಮಾತ್ರ ಜೀವ ಹಿಡಿಯಷ್ಟಾಗುತ್ತದೆ. ನನ್ನ ಕೂದಲು ಹುಟ್ಟಿನಿಂದಲೇ ಜಿಡ್ಡು. ಬೆಳಿಗ್ಗೆ ಗಲ್ಫಿನ ಈ ಹವಲ್ಲಿಯ ಮನೆಯಲ್ಲಿ ತಿಕ್ಕಿ ತೊಳೆದು ಹೊರಟರೂ ಹತ್ತು ಗಂಟೆಯ ಹೊತ್ತಿಗೆ ದೋಸೆಕಾವಲಿಯ ಹಾಗೆ ಹೊಳೆಯುತ್ತಿರುತ್ತದೆ. ಇದು ಅಪ್ಪನ ಕಡೆಯ ಆಸ್ತಿ. ಜಮೀನು ಚಿಕ್ಕಪ್ಪನಿಗೆ ಹೋಯಿತು, ಜಿಡ್ಡು ನನಗೆ ಬಂತು.

ಬೇರೆ ಕೆಲಸದಲ್ಲಿದ್ದರೆ ಇದೊಂದು ಸಂಗತಿಯೇ ಆಗುತ್ತಿರಲಿಲ್ಲ. ನಾನಿರುವುದು ಇಲ್ಲಿನ ರಾಯ್ ಬಡಾವಣೆಯ ಒಂದು ಸೋಫಾ ಶೋರೂಮಿನಲ್ಲಿ. ಗಿರಾಕಿಗಳ ಎದುರು ಸೋಫಾದಲ್ಲಿ ಕೂತು, ತಲೆ ಹಿಂದಕ್ಕೆ ಒರಗಿಸಿ, ಕಣ್ಣು ಅರ್ಧ ಮುಚ್ಚಿ 'ಆಹಾ' ಎನ್ನುವುದೇ ನನ್ನ ಉದ್ಯೋಗ. ಒಂದು ದಿನ ಮ್ಯಾನೇಜರ್ ನಬೀಲ್ ಅವರಿಗೆ ಕೆನೆಬಣ್ಣದ ಸೋಫಾದಲ್ಲಿ, ತಲೆ ಒರಗುವ ಜಾಗದಲ್ಲೇ, ಚಪಾತಿಯಗಲದ ಕಲೆ ಕಂಡಿತು. "ಇಂಡಿಯನ್ ಕೋಕನಟ್ ಆಯಿಲ್! ಇನ್ನೊಂದು ಕಲೆ ಕಂಡರೆ ಖಲಾಸ್, ನೀನು ಗೋದಾಮಿಗೆ," ಎಂದರು. ಗೋದಾಮೆಂದರೆ ಹಿಂಬದಿಯ ತಗಡಿನ ಶೆಡ್ಡು. ಎಸಿ ಇಲ್ಲ. ತಿಂಗಳು ಜುಲೈ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಂದೇ ತೆಂಗಿನೆಣ್ಣೆ ಬಿಟ್ಟೆ. ಊರಿನಿಂದ ತಂದಿದ್ದ ಬಾಟಲಿಯನ್ನು ನನ್ನ ಹೆಂಡತಿ ಲಿಲ್ಲಿ ಮೀನು ಹುರಿಯಲು ವಶಪಡಿಸಿಕೊಂಡಳು. ದಿನಕ್ಕೆರಡು ಸಲ ಶಾಂಪೂ ಹಾಕಿದೆ. ಇಲ್ಲಿನ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ ಬರುವುದು. ತಪ್ಪೆಲ್ಲ ಆ ನೀರಿನದೇ ಎಂದು ಯಾರೋ ಹೇಳಿದ್ದನ್ನು ನಂಬಿ ಕುಡಿಯುವ ನೀರಿನ ಬಾಟಲಿ ಸುರಿದುಕೊಂಡೆ. "ಮಕ್ಕಳಿಗೆ ಕುಡಿಲಿಕ್ಕೆ ಸ್ವಲ್ಪ ಬಿಡಿ," ಎಂದಳು ಲಿಲ್ಲಿ. ಜಿಡ್ಡು ಮಾತ್ರ ಮೊದಲಿಗಿಂತ ಹೆಚ್ಚಾಯಿತು. ಶೋರೂಮಿನಲ್ಲಿ ಕತ್ತು ನೆಟ್ಟಗಿಟ್ಟುಕೊಂಡೇ 'ಆಹಾ' ಎನ್ನತೊಡಗಿದೆ. ಕತ್ತು ಉಳುಕಿದವನಂತೆ ಕೂತು ಆರಾಮವನ್ನು ಮಾರಲಾಗುತ್ತದೆಯೇ? ಗಿರಾಕಿಗಳು ಕನಿಕರದಿಂದ ನೋಡಿ ಮುಂದೆ ಹೋಗುತ್ತಿದ್ದರು.

ಕೊನೆಗೆ ಕ್ಷೌರಕ್ಕೆ ಹೋದಾಗ ಹಮೀದ್ ಎದುರು ಗೋಳು ತೋಡಿಕೊಂಡೆ. ಅವನು ಉಪ್ಪಿನಂಗಡಿ ಕಡೆಯ ಬ್ಯಾರಿ, ನಮ್ಮ ಬೀದಿಯಲ್ಲೇ ಸೆಲೂನ್ ಇಟ್ಟಿದ್ದಾನೆ. ನೆತ್ತಿ ಮುಟ್ಟಿ, ಬೆರಳು ಮೂಸಿ ನೋಡಿದ.

"ಶಾಂಪೂ ಆದ ಮೇಲೆ ಎಂತ ಹಾಕುದು?"

"ಲಿಲ್ಲಿಯ ಕಂಡೀಷನರ್."

"ಎಲ್ಲಿಗೆ?"

"ನೆತ್ತಿಗೆ," ಎಂದು ಮಾಡಿಯೇ ತೋರಿಸಿದೆ. ಅಂಗೈ ಗುಳಿ ಮಾಡಿ, ತುಂಬ ಸುರಿದು, ಪಟಪಟನೆ ತಟ್ಟಿ ಇಳಿಸುವುದು. ಚಿಕ್ಕಂದಿನಲ್ಲಿ ಭಾನುವಾರದ ಇಗರ್ಜಿಗೆಂದು ಶನಿವಾರವೇ ಅಮ್ಮ ಎಣ್ಣೆ ತಟ್ಟುತ್ತಿದ್ದ ಹಾಗೆಯೇ. "ತಂಪಿಗೆ ಇರ್ಲಿ ಅಂತ ಪೂರ್ತಿ ತೊಳೆಯುದಿಲ್ಲ," ಎಂದೂ ಸೇರಿಸಿದೆ.

ಹಮೀದ್ ಕತ್ತರಿ ಕೆಳಗಿಟ್ಟು ನಕ್ಕ. "ಎಣ್ಣೆ ಬಿಟ್ಟದ್ದು ತಲೆ ಮಾತ್ರ ಮಾರಾಯ್ರೆ, ಕೈ ಬಿಡ್ಲಿಲ್ಲ! ಅದು ಉದ್ದ ಕೂದಲಿನ ತುದಿಗೆ ಹಾಕುದು. ನಿಮಗೆ ತುದಿ ಎಲ್ಲುಂಟು? ಅದನ್ನು ಬಿಡಿ. ದಿನಕ್ಕೊಮ್ಮೆ ಮೆದು ಶಾಂಪೂ ಸಾಕು, ಸರೀ ತೊಳೀರಿ. ಮತ್ತೂ ಸ್ವಲ್ಪ ಜಿಡ್ಡು ಇರ್ತದೆ. ಅದು ನಿಮ್ಮದೇ, ಎಂತ ಮಾಡ್ಲಿಕ್ಕೂ ಆಗುದಿಲ್ಲ."

ಅಂದಿನಿಂದಲೇ ಅವನು ಹೇಳಿದ ಹಾಗೆ ಮಾಡಿದೆ. ವಾರದ ನಂತರ ನಬೀಲ್ ಸೋಫಾದ ಮೇಲೆ ಟಿಶ್ಯೂ ಹಾಸಿ, "ಯಲ್ಲಾ, ಬೇಗ ಒರಗು," ಎಂದರು. ಒರಗಿ ಎದ್ದೆ. ಟಿಶ್ಯೂ ಒಣಗಿಯೇ ಇತ್ತು! ನನಗೆ ಅಳು ಬರುವಷ್ಟು ಸಂತೋಷ. ಅವರೂ ಖುಷಿಯಾಗಿ ಪಕ್ಕದ ಬಿಳಿ ಸೋಫಾದಲ್ಲಿ ಕೂತು, ಜೆಲ್ ಹಚ್ಚಿ ಬಾಚಿದ್ದ ತಲೆಯನ್ನು ಹಾಯಾಗಿ ಒರಗಿಸಿದರು. ಎದ್ದಾಗ ಅಲ್ಲೊಂದು ಕಲೆ. ಇಬ್ಬರೂ ನೋಡಿದೆವು. ಇಷ್ಟು ದಿನ ನಾನು ಹೊತ್ತ ಅಪವಾದದಲ್ಲಿ ಇವರ ಪಾಲೆಷ್ಟೋ! ಇವತ್ತು ಮುಖಕ್ಕೆ ಹೊಡೆದ ಹಾಗೆ ಹೇಳಿಯೇಬಿಡಬೇಕೆಂದು ಬಾಯಿ ತೆರೆದೆ.

"ಅದು ಹಳೆಯದು ಸಾರ್," ಎಂದೆ, ಟಿಶ್ಯೂ ಹಿಡಿದು ಒರೆಸುತ್ತ, "ನನ್ನದೇ."