ರಾಹುಕಾಲದ ಸೈಕಲ್ಲು

ಚಿದಂಬರನಿಗೆ ಸೈಕಲ್ಲಿನ ಮೇಲೆ ಪ್ರೀತಿಯೇನೂ ಇರಲಿಲ್ಲ. ಇದ್ದದ್ದು ಆನೇಕಲ್ಲಿನ ಭಯ. ಚಾಮರಾಜಪೇಟೆಯಲ್ಲಿ ಅವನು ಕೆಲಸ ಮಾಡುತ್ತಿದ್ದ ಊದುಬತ್ತಿ ಕಂಪನಿ ಆನೇಕಲ್ಲಿನಾಚೆ ಹೊಸ ಗೋದಾಮು ಕಟ್ಟಿಸಿತ್ತು. ಅಲ್ಲಿಗೆ ಹೋಗಲು ಯಾರೂ ತಯಾರಿಲ್ಲ. "ಸೋಮವಾರದಿಂದ ಯಾರು ಲೇಟೋ ಅವರೇ ಗೋದಾಮಿಗೆ!" ಎಂದು ಮ್ಯಾನೇಜರ್ ಮುನಿರಾಜ್ ಶನಿವಾರ ಗುಡುಗಿದ್ದರು. ಬಸ್ಸು ನಂಬಿಕೊಂಡು ದಿನವೂ ತಡವಾಗಿ ಬರುತ್ತಿದ್ದ ಚಿದಂಬರ ಭಾನುವಾರವೇ ಹೋಗಿ ಸೈಕಲ್ ಕೊಂಡ.

ಸೋಮವಾರ ತ್ಯಾಗರಾಜನಗರದ ಬಾಡಿಗೆ ಮನೆಯ ಮುಂದೆ ಅವನು ಸೈಕಲ್ ಹಿಡಿದು ನಿಂತಾಗ ಆಗಷ್ಟೇ ಎಂಟು ಗಂಟೆ. ಆಫೀಸು ಒಂಬತ್ತಕ್ಕೆ. ಇವತ್ತು ತನ್ನನ್ನು ತಡೆಯುವವರಿಲ್ಲ ಎಂದುಕೊಂಡ. ಎದುರುಮನೆಯ ಅನಿಲ್ ಕುಮಾರ್ ಬಾಯಲ್ಲಿದ್ದ ಬ್ರಷ್ಷನ್ನೂ ತೆಗೆಯದೆ ಓಡಿಬಂದರು.

"ಒಳ್ಳೇ ಕೆಲಸ ಮಾಡಿದ್ರಿ! ಹಾರ್ಟಿಗೆ ಒಳ್ಳೇದು, ಪೆಟ್ರೋಲ್ ಬೇಡ, ಹೊಗೆ ಇಲ್ಲ. ಆದ್ರೆ ಸೇಫ್ಟಿ? ಅದು ಮುಖ್ಯ!"

ಬೇಡ ಬೇಡವೆಂದರೂ ಕೇಳದೆ ತಮ್ಮ ಹೆಲ್ಮೆಟ್ಟನ್ನು ಅವನ ತಲೆಗೇರಿಸಿದರು. ಫಳಫಳ ಹೊಳೆಯುವ ಹಸಿರು ಜಾಕೆಟ್ ತೊಡಿಸಿದರು. ಮಗಳ ಸ್ಕೇಟಿಂಗ್ ಪಟ್ಟಿಗಳನ್ನು ಅವನ ಮೊಣಕಾಲಿಗೆ ಬಿಗಿದರು. ಚಿದಂಬರ ಯುದ್ಧಕ್ಕೆ ಹೊರಟ ಮಿಡತೆಯಂತೆ ಕಾಣುತ್ತಿದ್ದ.

ಇನ್ನೇನು ಹತ್ತಬೇಕು, ಕೆಳಗಿನ ಮನೆಯಿಂದ ಓನರ್ ಮುನಿಯಕ್ಕನ ದನಿ ಬಂತು. "ನಿಲ್ಲಪ್ಪಾ! ಪೂಜೆ ಆಯ್ತಾ?"

"ನಿನ್ನೇನೇ ಆಯ್ತು ಮುನಿಯಕ್ಕ. ಚಕ್ರದಡಿ ನಿಂಬೆಹಣ್ಣೂ ಇಟ್ಟಿದ್ವಿ."

"ಅದು ಸರಿ. ಇವತ್ತು ಸೋಮವಾರ, ಒಂಬತ್ತರವರೆಗೂ ರಾಹುಕಾಲ. ಹೊಸ ಗಾಡೀನ ಯಾರಾದ್ರೂ ರಾಹುಕಾಲದಲ್ಲಿ ಹತ್ತುತಾರಾ?"

"ಆಫೀಸಿಗೆ ಲೇಟಾಗತ್ತೆ ಮುನಿಯಕ್ಕ!"

"ಹೋಗ್ಬೇಡ ಅಂದ್ನಾ? ಹತ್ಬೇಡ ಅಂದೆ. ತಳ್ಕೊಂಡು ಹೋಗು."

ಚಿದಂಬರ ತಳ್ಳಿಕೊಂಡು ಹೊರಟ. ತಿರುವು ದಾಟಿ, ಮುನಿಯಕ್ಕ ಮರೆಯಾದದ್ದೇ ತಡ, ಕಾಲೆತ್ತಿದ. ಅದೇ ಹೊತ್ತಿಗೆ ಹಿಂದಿನಿಂದ ಬಸ್ಸೊಂದು ಕಿವಿ ತೂತಾಗುವಂತೆ ಹಾರನ್ ಹೊಡೆಯಿತು. ಎತ್ತಿದ ಕಾಲು ಹಾಗೇ ಕೆಳಗಿಳಿಯಿತು. ರಾಹುಕಾಲವನ್ನು ನಂಬುವವನಲ್ಲ ಅವನು. ಆದರೆ ಆನೇಕಲ್ಲಿನ ಪ್ರಶ್ನೆ ಇರುವಾಗ ಪರೀಕ್ಷೆ ಮಾಡಿ ನೋಡುವ ಧೈರ್ಯ ಬರಲಿಲ್ಲ.

ಹೆಲ್ಮೆಟ್ ಹಾಕಿಕೊಂಡು, ಹೊಚ್ಚ ಹೊಸ ಸೈಕಲ್ ತಳ್ಳುತ್ತಾ, ಅರ್ಧ ನಡಿಗೆ ಅರ್ಧ ಓಟದಲ್ಲಿ ಹೋಗುವ ಮನುಷ್ಯನನ್ನು ಗಾಂಧಿಬಜಾರು ಬಾಯಿಬಿಟ್ಟು ನೋಡಿತು. "ಏನ್ ಗುರು, ಸೈಕಲ್ಲಿಗೆ ಹುಷಾರಿಲ್ವಾ?" ಎಂದ ಒಬ್ಬ ಆಟೋದವನು. ಚಿದಂಬರ ಗಡಿಯಾರ ನೋಡಿಕೊಂಡು ಇನ್ನಷ್ಟು ಜೋರಾಗಿ ಓಡಿದ.

ಆಗ ಪಕ್ಕದಲ್ಲಿ ಸ್ಕೂಟರ್ ನಿಂತಿತು. ಆಫೀಸಿನ ಪ್ರತಿಭಾ!

"ಅಯ್ಯೋ, ಪಂಕ್ಚರ್ರಾ?"

ಆಫೀಸಿನಲ್ಲೆಲ್ಲ ತಾನೇ ಮೂಢನಂಬಿಕೆಯ ವಿರುದ್ಧ ಭಾಷಣ ಬಿಗಿಯುವವನು. ರಾಹುಕಾಲ ಎಂದು ಹೇಗೆ ಹೇಳುವುದು? "ಹ್ಞೂಂ" ಎಂದುಬಿಟ್ಟ. ಅಷ್ಟಕ್ಕೇ ಆಕೆ ಅವನನ್ನು ಮೂಲೆಯ ಮರಿಯಣ್ಣನ ಪಂಕ್ಚರ್ ಅಂಗಡಿಗೆ ಎಳೆದೊಯ್ದು, "ಬೇಗ ಹಾಕ್ಕೊಡಿ ಅಣ್ಣ" ಎಂದಳು. "ಗಾಬರಿ ಆಗ್ಬೇಡಿ ಚಿದಂಬರ. ನೀವು ಸೈಕಲ್ಲಲ್ಲಿ ಬರ್ತಿದೀರಾ ಅಂತ ಸಾರ್‌ಗೆ ಹೇಳಿರ್ತೀನಿ" ಎಂದು ಹೊರಟೂ ಹೋದಳು.

ಚಿದಂಬರ ತಡೆಯುವಷ್ಟರಲ್ಲಿ ಮರಿಯಣ್ಣ ಟ್ಯೂಬು ಹೊರಗೆಳೆದು ನೀರಿನಲ್ಲಿ ಮುಳುಗಿಸಿದ್ದ. ಒಂದು ಗುಳ್ಳೆಯೂ ಏಳಲಿಲ್ಲ.

"ತೂತೇ ಇಲ್ವಲ್ಲ ಸಾರ್!"

"ಇಲ್ಲ ಅಂತಾನೇ ನಾನೂ ಹೇಳ್ತಿರೋದು! ಹಾಕ್ಕೊಡಿ ಬೇಗ!"

"ಇರ್ಲೇಬೇಕು. ಮೇಡಂ ಹೇಳಿದಾರೆ" ಎಂದು ಮರಿಯಣ್ಣ ಮತ್ತೊಮ್ಮೆ ಮುಳುಗಿಸಿದ. ಚಿದಂಬರ ಅಳುವುದೊಂದು ಬಾಕಿ. ಕೊನೆಗೆ ತಾನೇ ಕೈಹಾಕಿ ಟ್ಯೂಬು ತೂರಿಸಿ, ಗಾಳಿ ಹೊಡೆಸಿಕೊಂಡು, ಸೈಕಲ್ ಹಿಡಿದು ಓಟ ಕಿತ್ತ.

ಆಫೀಸಿನ ಹಾಜರಿ ಯಂತ್ರ ಅವನ ಮಸಿ ಮೆತ್ತಿದ ಬೆರಳನ್ನು ಎರಡು ಸಲ ಒಪ್ಪಲಿಲ್ಲ. ಅಂಗಿಗೆ ಒರೆಸಿ ಮತ್ತೆ ಒತ್ತಿದ. ಒಂಬತ್ತಕ್ಕೆ ಒಂದು ನಿಮಿಷವಿತ್ತು. ಗೆದ್ದೆ! ಕಣ್ಣಲ್ಲಿ ನೀರೇ ಬಂತು.

"ಬನ್ನಿ ಚಿದಂಬರ ಅವರೇ!" ಮುನಿರಾಜ್ ಎದ್ದು ನಿಂತಿದ್ದರು. "ಪ್ರತಿಭಾ ಎಲ್ಲಾ ಹೇಳಿದ್ರು. ಪಂಕ್ಚರ್ ಆದ್ರೂ ಟೈಮಿಗೆ ಬಂದ್ರಿ. ನಿನ್ನೆಯೆಲ್ಲಾ ನಾನು ಯೋಚನೆ ಮಾಡ್ದೆ. ಲೇಟಾಗಿ ಬರೋರನ್ನ ಗೋದಾಮಿಗೆ ಹಾಕಿದ್ರೆ ಬಾಗಿಲು ತೆಗೆಯೋದು ಮಧ್ಯಾಹ್ನವೇ. ಆನೇಕಲ್ಲಿಂದ ಆಚೆಗೆ ಬಸ್ ಬೇರೆ ಇಲ್ಲ. ಸೈಕಲ್ ತುಳಿಯೋ ನಿಯತ್ತಿನ ಮನುಷ್ಯ ಬೇಕಿತ್ತು, ಸಿಕ್ಕಿದ್ರಿ!"

ಚಿದಂಬರ ಹೆಲ್ಮೆಟ್ ಕಳಚಿ ಕೈಯಲ್ಲಿ ಹಿಡಿದ. ಮಾನ ಹೋದರೆ ಹೋಗಲಿ, ನಿಜವೇ ಗತಿ.

"ಸಾರ್, ನಾನು ಸೈಕಲ್ ತುಳೀಲೇ ಇಲ್ಲ! ರಾಹುಕಾಲ ಅಂತ ಹೆದರ್ಕೊಂಡು, ಮನೆಯಿಂದ ಇಲ್ಲಿವರೆಗೂ ತಳ್ಕೊಂಡು ನಡೆದೇ ಬಂದಿದೀನಿ ಸಾರ್!"

ಮುನಿರಾಜ್ ಅವನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಎರಡೂ ಕೈಯಿಂದ ಅವನ ಮಸಿಗೈ ಹಿಡಿದು ಕುಲುಕಿದರು.

"ತ್ಯಾಗರಾಜನಗರದಿಂದ ನಡ್ಕೊಂಡು? ಅದೂ ಸೈಕಲ್ ತಳ್ಕೊಂಡು? ಪ್ರತಿಭಾ, ಆರ್ಡರ್ ಇವತ್ತೇ ಟೈಪ್ ಮಾಡಿ. ಇನ್ನು ಇವರ ಸೈಕಲ್ ಕೆಟ್ಟರೂ ನಮಗೆ ಚಿಂತೆ ಇಲ್ಲ!"