ಅಳಿಯನ ಸೈಕಲ್ ಸವಾರಿ

"ಈ ಸೀಟು ಮಾಡ್ದೋನು ಒಂದಿನಾನಾದ್ರೂ ಇದರ ಮೇಲೆ ಕೂತಿದ್ನಾ?"

ನಂಜನಗೂಡು ದಾಟುವಷ್ಟರಲ್ಲಿ ಪುಟ್ಟಬಸವಯ್ಯ ಗಾಳಿಯನ್ನು ಕೇಳಿದ. ಗಾಳಿ ಎದುರಿನಿಂದ ಬೀಸಿತೇ ಹೊರತು ಉತ್ತರ ಹೇಳಲಿಲ್ಲ. ಐವತ್ತು ದಾಟಿದ ದೇಹಕ್ಕೆ ಆ ಸೀಟು ಒನಕೆಯ ತುದಿಯಂತಿತ್ತು.

ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವ ಸೈಕಲ್ ಜಾಥಾ ಅದು, ಟಿ. ನರಸೀಪುರದ ಸಂಗಮದವರೆಗೆ. ಅವನು ಪೂರ್ತಿ ತುಳಿದರೆ ಒಂದು ದಿನದ ಸಂಬಳ ಕೊಡುತ್ತೇವೆಂದು ತಾಂಡ್ಯದ ಕಾರ್ಖಾನೆಯ ಗೆಳೆಯರೆಲ್ಲ ಮಾತು ಕೊಟ್ಟಿದ್ದರು, ತುಳಿಯಲಾರ ಎಂಬ ಧೈರ್ಯದಿಂದ. ಆದರೆ ಅವನ ಕಣ್ಣಿದ್ದದ್ದು ಪೂರ್ತಿ ತುಳಿದವರಿಗೆ ಕೊಡುವ ಪದಕದ ಮೇಲೆ. ಕೊಡುವವಳು ಅವನ ಹೆಂಡತಿ ಸಿದ್ದಲಿಂಗಮ್ಮ. ಅದೇ ಕಾಯಿಲೆಯನ್ನು ಗೆದ್ದು ಬಂದವಳೆಂದು ಜಾಥಾದವರು ಅವಳನ್ನೇ ಅತಿಥಿಯಾಗಿ ಕೂರಿಸಿದ್ದರು. ಅವಳ ಕೈಯಿಂದಲೇ ಕೊರಳಿಗೆ ಹಾಕಿಸಿಕೊಳ್ಳಬೇಕು, ಜನ ನೋಡಬೇಕು.

ಕಷ್ಟವೆಂದರೆ, ಅವಳ ತವರೂರು ದಾರಿಯಲ್ಲೇ ಇತ್ತು.

ಊರ ಮುಂದೆ ಭಾವಮೈದ ಮಲ್ಲಿಕಾರ್ಜುನ್ ಓಲಗದವರೊಡನೆ ಕಾದಿದ್ದ. ಮಜ್ಜಿಗೆ ಬಂತು, ಹಾರ ಬಂತು, ಶಾಲು ಬಂತು. ಆ ಊರಲ್ಲಿ ಬೇಡ ಅನ್ನುವುದು ಅಳಿಯನ ಮರ್ಯಾದೆ, ಅದನ್ನು ಕೇಳಿಸಿಕೊಳ್ಳದಿರುವುದು ಊರಿನ ಮರ್ಯಾದೆ. ಎಲೆಗೆ ಕೈ ಅಡ್ಡ ಇಟ್ಟರೆ ಕೈ ಮೇಲೇ ಪಾಯಸ ಸುರಿಯುವ ಜನ.

"ನಮ್ಮೂರ ಅಳಿಯ ಬೆವರು ಸುರಿಸ್ಕೊಂಡು ಸಂಗಮಕ್ಕೆ ಓಗೋದಾ? ನಗ್ತಾರೆ ಭಾವ," ಎಂದು ಮಲ್ಲಿಕಾರ್ಜುನ್ ಬಾಳೆಕಂದು ಕಟ್ಟಿದ್ದ ಟ್ರ್ಯಾಕ್ಟರ್ ತೋರಿಸಿದ.

"ಬ್ಯಾಡ ಕಣಪ್ಪಾ, ನಾನು ತುಳೀಲೇಬೇಕು."

"ನೋಡ್ರಲಾ, ನಮ್ ಭಾವಂಗೆ ಎಷ್ಟು ನಾಚ್ಕೆ."

ಎರಡನೇ ಬೇಡಕ್ಕೆ ಸೈಕಲ್ ಟ್ರ್ಯಾಕ್ಟರ್ ಏರಿತು, ಮೂರನೆಯದಕ್ಕೆ ಅವನೇ ಏರಿದ್ದ. ಸವಾರಿ ಹೊರಟ ಉತ್ಸವಮೂರ್ತಿಗೆ 'ಇಳಿಸಿ' ಅನ್ನಲು ಬಾಯೆಲ್ಲಿ?

ಸಂಗಮದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಸಿದ್ದಲಿಂಗಮ್ಮ ಮಾತ್ರ ತಟ್ಟಲಿಲ್ಲ. ಹೊಸದಾಗಿ ಬಂದ ಗಿಡ್ಡ ಕೂದಲಿಗೆ ಹೇಗೋ ಮಲ್ಲಿಗೆ ಸಿಕ್ಕಿಸಿಕೊಂಡು, ಪದಕ ಹಿಡಿದು, ಟ್ರ್ಯಾಕ್ಟರನ್ನೇ ನೋಡುತ್ತಿದ್ದಳು. ಪುಟ್ಟಬಸವಯ್ಯ ಹತ್ತಿರ ಹೋಗಿ, ತವರಿನವರು ಮಾಡಿದ್ದನ್ನೆಲ್ಲ ಪಿಸುಗುಟ್ಟಿ, ಯಾರೂ ಕೇಳಲ್ಲ, ಸುಮ್ಮನೆ ಹಾಕಿಬಿಡು ಎಂದ.

"ಆಸ್ಪತ್ರೇಲಿ ಅರ್ಧಕ್ಕೇ ಮನೇಗೆ ಓಗೋಣ ಅಂತ ನಾನು ಅತ್ತಾಗ, ನೀವು ಬಿಟ್ರಾ?" ಅವಳೂ ಮೆಲ್ಲಗೇ ಕೇಳಿದಳು.

"ಬಿಡ್ಲಿಲ್ಲ."

"ಅಂಗಾದ್ರೆ ಬಿಟ್ಟಿದ್ದನ್ನ ತುಳ್ಕೊಂಡು ಬನ್ನಿ. ನಾನು ಇಲ್ಲೇ ಕೂತಿರ್ತೀನಿ."

ಪುಟ್ಟಬಸವಯ್ಯನ ಎದೆ ಉಬ್ಬಿತು. ಇಂಥವಳನ್ನು ಕಾಯಿಲೆ ತಾನೇ ಏನು ಮಾಡೀತು! ಆ ಉಬ್ಬಿನಲ್ಲೇ ಭಾವಮೈದನ ಬಳಿ ಬಂದು, ಟ್ರ್ಯಾಕ್ಟರಿನಲ್ಲಿ ಊರಿನವರೆಗೆ ವಾಪಸು ಬಿಡು, ಅಲ್ಲಿಂದ ತುಳಿದುಕೊಂಡು ಬರುತ್ತೇನೆ ಎಂದ.

ಮಲ್ಲಿಕಾರ್ಜುನ್ ಬೆಚ್ಚಿದ. "ಓಲಗ ಊದಿಸಿ ಕಳಿಸಿದ ಅಳಿಯನ್ನ ಅದೇ ಗಾಡೀಲಿ ವಾಪಸ್ ತಂದ್ರೆ ಊರಿನ ಮರ್ಯಾದೆ ಏನಾಗ್ಬೇಕು? ಆಗಲ್ಲ ಭಾವ. ಓಗೋದೂ ತುಳ್ಕೊಂಡೇ ಓಗಿ."