ಮಾವನ ಐಸ್ ಡ್ಯಾನ್ಸ್ ಜೋಡಿ

ನಮ್ಮ ಸೋದರಮಾವ ಇಲ್ಲದೇ ಹೋಗಿದ್ದರೆ ಐಸ್ ಡ್ಯಾನ್ಸ್ ಎನ್ನುವ ಆಟ ಈ ಭೂಮಿಯಿಂದ ಎಂದೋ ಎದ್ದುಹೋಗುತ್ತಿತ್ತು! ನಗಬೇಡಿ. ಇದು ನನ್ನ ಮಾತಲ್ಲ, ಸ್ವತಃ ಅವರದೇ ಅಭಿಪ್ರಾಯ. ಎಲ್ಲೋ ಚಳಿ ದೇಶದಲ್ಲಿ ಮಂಜುಗಡ್ಡೆಯ ಮೇಲೆ ಒಂದು ಗಂಡು ಒಂದು ಹೆಣ್ಣು ಕೈ ಹಿಡಿದು ಜಾರಬೇಕಾದರೆ, ಇಲ್ಲಿ ಹಳೇಬೀಡಿನಲ್ಲಿ ತೆಂಗಿನಕಾಯಿ ವ್ಯಾಪಾರದ ಇವರು ಉಸಿರು ಬಿಗಿಹಿಡಿದು ಕೂತಿರಬೇಕು. ಇವರು ಉಸಿರು ಬಿಟ್ಟರೆ ಅವರು ಬಿದ್ದರು ಅಂತಲೇ ಅರ್ಥ.

ಮಾವನಿಗೂ ಐಸಿಗೂ ಇದ್ದ ಸಂಬಂಧವಾದರೂ ಏನು? ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿ ತಳ್ಳಿಕೊಂಡು ಬರುವವನ ಐಸ್ ಕ್ಯಾಂಡಿ. ಹಲ್ಲು ಜುಮ್ ಅನ್ನುತ್ತದೆ ಅಂತ ಅದನ್ನೂ ಅವರು ತಿನ್ನುತ್ತಿರಲಿಲ್ಲ. ಇನ್ನು ಡ್ಯಾನ್ಸು! ಹಣೆ ತುಂಬ ವಿಭೂತಿ, ಮಂಡಿಯವರೆಗೆ ಎತ್ತಿ ಕಟ್ಟಿದ ಪಂಚೆ, ಮಾತಿಗೆ ಮೊದಲು ಗದರಿಕೆ. ಅತ್ತೆಯ ಜೊತೆ ಎಲ್ಲಿಗೆ ಹೊರಟರೂ ಹತ್ತು ಮಾರು ಮುಂದೆ ಇವರು, ಹಿಂದೆ ಓಡೋಡಿಕೊಂಡು ಅತ್ತೆ. ಹೆಂಡತಿಯ ಪಕ್ಕದಲ್ಲಿ ಇವರು ನಡೆದದ್ದನ್ನು ಕಂಡವರು ಇಡೀ ಊರಿನಲ್ಲಿ ಇರಲಿಲ್ಲ. ಮದುವೆ ದಿನವೂ ಇವರು ಮೊದಲೇ ಹೋಗಿ ಊಟಕ್ಕೆ ಕೂತಿದ್ದರಂತೆ, ಅತ್ತೆ ಆಮೇಲೆ ಹುಡುಕಿಕೊಂಡು ಬಂದರಂತೆ. ಇದು ನಮ್ಮಮ್ಮ ಹೇಳುವ ಮಾತು. ತಮ್ಮನ ವಿಷಯದಲ್ಲಿ ಅಮ್ಮ ಸ್ವಲ್ಪ ಧಾರಾಳಿ, ಅರ್ಧ ನಂಬಿ ಸಾಕು.

ಇಂಥ ಮನುಷ್ಯ ಕೆಟ್ಟದ್ದು ಹೇಗೆ ಅಂತೀರಾ? ಅತ್ತೆ ಬಿದ್ದದ್ದರಿಂದ. ಎರಡು ಸಾವಿರನೇ ಇಸವಿಯ ಆಚೀಚೆ, ಒಂದು ಶ್ರಾವಣದಲ್ಲಿ ಹಿತ್ತಲ ಚಪ್ಪಡಿ ಕಲ್ಲಿನ ಮೇಲೆ ಪಾಚಿಗೆ ಜಾರಿ ಅತ್ತೆ ಕಾಲು ಮುರಿದುಕೊಂಡರು. ಹಾಸನದಲ್ಲಿ ಆಪರೇಷನ್ನು, ಪ್ಲಾಸ್ಟರು. ದೀಪಾವಳಿಗೆ ಪ್ಲಾಸ್ಟರು ಬಿಚ್ಚಿದ ಡಾಕ್ಟರು, “ಮೂಳೆ ಕೂಡಿದೆ, ಇನ್ನು ನಡೀಬೇಕು. ಬೇಸಿಗೆ ಒಳಗೆ ನಡೀಲಿಲ್ಲ ಅಂದ್ರೆ ಮಂಡಿ ಹಾಗೇ ಕಟ್ಕೊಂಡುಬಿಡುತ್ತೆ, ಆಮೇಲೆ ನನ್ನ ಕೈಲೂ ಆಗಲ್ಲ” ಅಂದರು. ಅತ್ತೆ ತಲೆಯಾಡಿಸಿದರು. ಮನೆಗೆ ಬಂದು ನಡುಮನೆಯ ಮಂಚ ಹತ್ತಿ ಮಲಗಿದವರು ಇಳಿಯಲೇ ಇಲ್ಲ! ನೆಲ ಕಂಡರೆ ಸಾಕು, ಕೈಕಾಲು ನಡುಗುತ್ತಿತ್ತು. ಬಚ್ಚಲಿಗೆ ಹೋಗಬೇಕಾದರೂ ಗಾಲಿ ಕುರ್ಚಿ. ನಡೆಯಲಿ ಅಂತ ತಂದ ವಾಕರಿನ ಮೇಲೆ ಟವೆಲ್ಲು ಒಣಗುತ್ತಿತ್ತು.

ನಾನು ಆಗ ಅರಸೀಕೆರೆಯಲ್ಲಿ ಹೈಸ್ಕೂಲ್ ಟೀಚರು. ಶನಿವಾರ ಶಾಲೆ ಮುಗಿಸಿ, ಅಮ್ಮ ಕೊಟ್ಟ ಚಟ್ನಿಪುಡಿ ಡಬ್ಬಿ ಹಿಡಿದು ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಹತ್ತುತ್ತಿದ್ದೆ. ಅತ್ತೆಯನ್ನು ನಡೆಸುವುದು ನನ್ನ ಕೆಲಸ. ಮೂವತ್ತೆರಡು ಹಲ್ಲೂ ಕಿತ್ತುಬರುವ ಹಾಗೆ ಮಕ್ಕಳನ್ನು ಗದರಿಸುವ ನನಗೆ ಒಬ್ಬ ಅತ್ತೆಯನ್ನು ಮಂಚದಿಂದ ಇಳಿಸುವುದಕ್ಕೆ ಆಗಲಿಲ್ಲ ಅಂದರೆ ನೋಡಿ.

ಅಂಥ ಒಂದು ಶನಿವಾರ ಮಾವ ಟಿವಿಯಲ್ಲಿ ವಾರ್ತೆ ಹುಡುಕುತ್ತಿದ್ದರು. ರಿಮೋಟಿನ ಗುಂಡಿಯನ್ನು ಗೋಡೆಗೆ ಮೊಳೆ ಒತ್ತುವ ಹಾಗೆ ಒತ್ತುವುದು ಅವರ ಪದ್ಧತಿ. ಒತ್ತಿದ ರಭಸಕ್ಕೆ ಚಾನೆಲ್ಲು ಎಲ್ಲಿಗೋ ಹೋಗಿ ನಿಂತಿತು. ಬೆಳ್ಳಗೆ ಹೊಳೆಯುವ ನೆಲ. ಅದರ ಮೇಲೆ ಒಂದು ಜೋಡಿ, ಹಿಂದೆ ಹಿಂದಕ್ಕೆ ತೇಲಿಕೊಂಡು ಹೋಗುತ್ತಿದೆ.

“ಅಯ್ಯೋ, ಜಾರ್ತಾವ್ರೆ ಕಣೇ!” ಅಂದರು ಮಾವ.

“ಬೇಕೂಂತ ಜಾರ್ತಾರೆ ಮಾವ. ಅದೇ ಆಟ. ಚೆನ್ನಾಗಿ ಜಾರಿದೋರಿಗೆ ಮೆಡಲ್ ಕೊಡ್ತಾರೆ” ಅಂದೆ ನಾನು.

ಅತ್ತೆ ದಿಂಬಿನಿಂದ ತಲೆಯೆತ್ತಿದರು. “ಜಾರಿದ್ರೆ ಮೆಡಲ್ಲಾ? ನಾನೂ ಜಾರಿದ್ನಲ್ಲ, ನಂಗೇನು ಕೊಟ್ರು? ಪ್ಲಾಸ್ಟರು!”

ಮೂರು ತಿಂಗಳಲ್ಲಿ ಅತ್ತೆ ಮೊದಲ ಸಲ ನಕ್ಕದ್ದು ಆಗ. ಮಾವ ಅತ್ತೆಯ ಮುಖ ನೋಡಿದರು, ರಿಮೋಟನ್ನು ತೆಗೆದು ಟಿವಿಯ ಮೇಲಿಟ್ಟರು. ಅವತ್ತಿನಿಂದ ಆ ಮನೆಯಲ್ಲಿ ಬೇರೆ ಚಾನೆಲ್ಲು ನೋಡಿದವರಿಲ್ಲ.

ಆ ಜೋಡಿ ಹಿಂದಿನ ವರ್ಷದ ವಿಶ್ವ ಚಾಂಪಿಯನ್ನರಂತೆ. ಅವರ ಹೆಸರು ಮಾವನ ನಾಲಿಗೆಗೆ ಹೊರಳಲಿಲ್ಲ. ಸರಿ, ಅವನು ‘ನಮ್ ಹುಡುಗ’, ಅವಳು ‘ನಮ್ ಹುಡುಗಿ’. ವಾರಕ್ಕೊಂದು ಪಂದ್ಯ, ಒಂದೊಂದು ಒಂದೊಂದು ದೇಶದಲ್ಲಿ. ಅಲ್ಲಿ ನಡೆದದ್ದನ್ನು ಇಲ್ಲಿ ಮಾರನೇ ದಿನ ಮಧ್ಯಾಹ್ನ ತೋರಿಸುತ್ತಿದ್ದರು. ಮಾವ ಬೆಳಿಗ್ಗೆಯಿಂದಲೇ ಊರಿಗೆಲ್ಲ ಕಟ್ಟಪ್ಪಣೆ ಹೊರಡಿಸುತ್ತಿದ್ದರು: “ಏನ್ಲಾ, ಯಾರು ಗೆದ್ರು ಅಂತ ಯಾವನಾದ್ರೂ ಬಾಯಿ ಬಿಟ್ಟೀರಾ, ಹುಷಾರ್!” ಪಾಪ, ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಹಳೇಬೀಡಿಗೆ ಹಳೇಬೀಡೇ ಐಸ್ ಡ್ಯಾನ್ಸಿನ ಫಲಿತಾಂಶವನ್ನು ಬಾಯಲ್ಲಿಟ್ಟುಕೊಂಡು ಒದ್ದಾಡುತ್ತಿದೆ ಅಂತ ಮಾವನ ನಂಬಿಕೆ!

ಅತ್ತೆಯ ಚಿಂತೆಗಳು ಬೇರೆ. “ಅಷ್ಟು ಥಂಡೀಲಿ ಬೆನ್ನೆಲ್ಲ ಬಿಟ್ಕೊಂಡು ಕುಣೀತಾಳಲ್ಲ, ಒಂದು ಸ್ವೆಟರ್ ಹಾಕ್ಬಾರ್ದಾ?” ಆಮೇಲೆ ಬಂತು ದೊಡ್ಡ ಪ್ರಶ್ನೆ. “ರೀ, ಇವರಿಗೆ ಮದುವೆ ಆಗೈತಾ?”

“ಆಗಿಲ್ಲ ಬಿಡು” ಅಂದರು ಮಾವ ಖಡಾಖಂಡಿತವಾಗಿ.

“ನಿಮಗೆಂಗೆ ಗೊತ್ತು?”

“ಆಗಿದ್ರೆ ಹಿಂಗೆ ಒಬ್ಬರ ಮುಖ ಒಬ್ಬರು ನೋಡ್ತಿದ್ರೇನೇ?”

ಅತ್ತೆ ನನ್ನ ಕಡೆ ತಿರುಗಿ, “ನೋಡ್ದೇನೇ, ಸ್ವಂತ ಅನುಭವ” ಅಂದರು.

ಮೊದಮೊದಲ ಪಂದ್ಯಗಳಲ್ಲೇ ಒಂದರಲ್ಲಿ ನಮ್ ಹುಡುಗಿ ಬಿದ್ದುಬಿಟ್ಟಳು. ತಿರುಗುತ್ತ ತಿರುಗುತ್ತ ಕಾಲು ತಪ್ಪಿತು, ದೊಪ್ಪಂತ ಕೂತಳು. ಅತ್ತೆ “ಅಯ್ಯೋ ಶಿವನೇ!” ಅಂತ ಕಿರುಚಿ ತಮ್ಮ ಕಾಲು ಹಿಡಿದುಕೊಂಡರು, ಕಣ್ಣು ಮುಚ್ಚಿದರು. “ಎದ್ಲಾ? ಎದ್ಲೇನ್ರೀ?” ಅಷ್ಟರಲ್ಲಿ ಅವಳು ಎದ್ದು, ಅವನ ಕೈ ಹಿಡಿದು, ನಗುತ್ತಾ ಮತ್ತೆ ತೇಲುತ್ತಿದ್ದಳು. ನಾನು ಟೀಚರಲ್ಲವೇ, ಸಮಯ ನೋಡಿ ಪಾಠ ಶುರುಮಾಡಿದೆ. “ನೋಡಿ ಅತ್ತೆ, ಬಿದ್ದೋಳು ಹೇಗೆ ಎದ್ದು ಹೊರಟಳು!”

“ಅವಳು ಬಿದ್ದಿದ್ದು ಐಸಿನ ಮೇಲೆ ಕಣೇ. ಮೆತ್ತಗಿರುತ್ತೆ. ನಾನು ಬಿದ್ದಿದ್ದು ಚಪ್ಪಡಿ ಮೇಲೆ!”

ನನ್ನ ಪಾಠ ಅಲ್ಲಿಗೆ ಮುಗಿಯಿತು. ಅವತ್ತು ಜೋಡಿಗೆ ಮೂರನೇ ಸ್ಥಾನ. ಮಾವ ಊಟ ಬಿಟ್ಟರು. ಆರಕ್ಕೆ ಐದೂ ಮುಕ್ಕಾಲರಷ್ಟು ಅಂಕ ಕೊಟ್ಟಿದ್ದ ತೀರ್ಪುಗಾರರ ಮೇಲೆ ಅವರಿಗೆ ಎಲ್ಲಿಲ್ಲದ ಕೋಪ. “ಆ ಉಳಿದ ಚೂರು ಯಾರ ಮನೆಗೆ ಹೋಯ್ತು? ಅರಸೀಕೆರೆ ಮಾರ್ಕೆಟ್ಟಲ್ಲಿ ಚೀಲಕ್ಕೆ ಕೈ ಹಾಕ್ದೆ ಕೊಬ್ಬರಿಗೆ ರೇಟ್ ಕೂಗ್ತಾರಲ್ಲ, ಅದೇ ಜಾತಿ ಇವರು!”

ಮುಂದೆ ಈ ಅಂಕದ ಹುಚ್ಚು ಎಲ್ಲಿಗೆ ಹೋಯಿತು ಅಂದರೆ, ಯಾರದೋ ಮದುವೆಗೆ ಬೇಲೂರಿಗೆ ಹೋದವರು ದೇವಸ್ಥಾನದಲ್ಲಿ ಮದನಿಕೆಯ ಕೆಳಗೆ ಕತ್ತೆತ್ತಿ ನಿಂತರು. ಲೋಕವೆಲ್ಲ ಬಂದು ಕೈಮುಗಿಯುವ ಶಿಲ್ಪ! ಇವರು ಬಹಳ ಹೊತ್ತು ನೋಡಿ, “ಸೊಂಟ ಚೆನ್ನಾಗೈತೆ. ಕಾಲು ಇನ್ನೊಂಚೂರು ಎತ್ತಬೇಕಿತ್ತು. ಐದೂವರೆ ಕೊಡಬಹುದು” ಅಂದರು. ಪಕ್ಕದಲ್ಲಿದ್ದ ಗೈಡು ನನ್ನನ್ನು ನೋಡಿದ. ಇವರು ಯಾರೋ ನನಗೆ ಗೊತ್ತಿಲ್ಲ ಎನ್ನುವಂತೆ ನಾನು ಛಾವಣಿ ನೋಡಿದೆ.

ಇನ್ನೊಮ್ಮೆ ಹಳೇಬೀಡಿನ ದೇವಸ್ಥಾನದ ಮುಂದೆ ಬಿಳಿ ಗಂಡಹೆಂಡಿರನ್ನು ತಡೆದು ನಿಲ್ಲಿಸಿದರು. ಬಿಳಿಯರೆಲ್ಲ ನಮ್ ಹುಡುಗ ಹುಡುಗಿಯ ನೆಂಟರೇ ಅಲ್ಲವೇ? ಎಳನೀರು ಕೊಡಿಸಿ, ಕನ್ನಡದಲ್ಲೇ ಮಾತಾಡಿಸಿ, ಅರ್ಥವಾಗಲಿಲ್ಲ ಅಂತ ಕಂಡಾಗ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಹಿಡಿದು, ಕಲ್ಲುಹಾಸಿನ ಮೇಲೆ ಒಂದು ಕಾಲಲ್ಲಿ ಗಿರ್ರನೆ ತಿರುಗಿ ತೋರಿಸಿದರು! ಅವರು ಆಸ್ಟ್ರೇಲಿಯಾದವರಂತೆ. ಈ ಕಡೆಯ ಜಾನಪದ ಕುಣಿತ ಅಂದುಕೊಂಡು ಚಪ್ಪಾಳೆ ತಟ್ಟಿ ಫೋಟೋ ತೆಗೆದುಕೊಂಡರು. ಈಗಲೂ ಅಲ್ಲಿ ಯಾವುದೋ ಮನೆಯ ಗೋಡೆಯ ಮೇಲೆ ಮಾವ ತಿರುಗುತ್ತಲೇ ಇರಬಹುದು.

ಚಳಿಗಾಲ ಕಳೆಯಿತು. ಜೋಡಿ ಗೆಲ್ಲುತ್ತಾ ಬಂತು, ಅತ್ತೆ ಮಾತ್ರ ಮಂಚ ಬಿಡಲಿಲ್ಲ. ಒಂದು ಮಧ್ಯಾಹ್ನ ಮಾವ ಇದ್ದಕ್ಕಿದ್ದಂತೆ ಅಂದರು: “ಒಂದು ಗಮನಿಸಿದೀಯೇನೇ? ಹುಡುಗಿ ಐಸ್ ನೋಡೋದೇ ಇಲ್ಲ. ಅವನ ಮುಖಾನೇ ನೋಡ್ತಾಳೆ.”

“ಅವನು ಕೈ ಬಿಡಲ್ಲ ಅಂತ ಅವಳಿಗೆ ಗೊತ್ತು” ಅಂದರು ಅತ್ತೆ, ಟಿವಿ ನೋಡುತ್ತಲೇ.

ಮಾವ ಎದ್ದು ಹೋಗಿ ವಾಕರಿನ ಮೇಲಿದ್ದ ಟವೆಲ್ಲು ತೆಗೆದು ಮಡಿಸಿಟ್ಟರು.

ಮಾರ್ಚ್ ಬಂತು, ವಿಶ್ವ ಚಾಂಪಿಯನ್‌ಶಿಪ್ ಬಂತು. ಹೊರಗೆ ಬಿಸಿಲು ಏರುತ್ತಿತ್ತು, ಡಾಕ್ಟರ ಮಾತು ನಮ್ಮೆಲ್ಲರ ಕಿವಿಯಲ್ಲಿತ್ತು. ಕೊನೆಯ ಪಂದ್ಯ ತೋರಿಸುವ ಭಾನುವಾರ ಬೆಳಿಗ್ಗೆ ಮಾವ ಸ್ನಾನ ಮಾಡಿ ಶಿವನ ಗುಡಿಗೆ ಹೊರಟರು, ಹೂ ಕೇಳುವುದಕ್ಕೆ. ನಿಮಗೆ ಗೊತ್ತಲ್ಲ, ಮನಸ್ಸಿನಲ್ಲಿ ಒಂದು ಕೇಳಿಕೊಂಡು ನಿಂತರೆ, ದೇವರ ಮೇಲಿನ ಹೂವು ಬಲಕ್ಕೆ ಬಿದ್ದರೆ ಆಯಿತು, ಎಡಕ್ಕೆ ಬಿದ್ದರೆ ಇಲ್ಲ. ನಾನೂ ಜೊತೆಗಿದ್ದೆ. ಗುಡಿಯ ಅಯ್ನೋರಿಗೆ ಮಾವನ ಹುಚ್ಚು ಗೊತ್ತಿಲ್ಲದ್ದೇನಲ್ಲ.

“ಅಲ್ರೀ, ಆಟ ನಿನ್ನೇನೇ ಮುಗಿದೈತೆ. ಗೆದ್ದೋರು ಗೆದ್ದು ಊಟ ಮಾಡಿ ಮಲಗವ್ರೆ. ಮುಗಿದಿದ್ದಕ್ಕೆ ಇವತ್ತು ಹೂ ಕೇಳಿದ್ರೆ ಶಿವ ಏನು ಮಾಡ್ತಾನೆ?”

“ನಮಗಿನ್ನೂ ಮುಗಿದಿಲ್ಲ ಸ್ವಾಮಿ. ನೀವು ಪೂಜೆ ಮಾಡಿ” ಅಂದರು ಮಾವ.

ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡೆ. ಮಾವ ಕಣ್ಣು ಮುಚ್ಚಿ ನಿಂತೇ ನಿಂತರು. ಬಹಳ ಹೊತ್ತಾದ ಮೇಲೆ ಒಂದು ಬಿಳಿ ಕಣಗಿಲೆ ಜಾರಿ ಬಲಗಡೆ ಬಿತ್ತು. ಮಾವ ಅದನ್ನು ಕಣ್ಣಿಗೊತ್ತಿಕೊಂಡು ಕಿವಿಗೆ ಸಿಕ್ಕಿಸಿಕೊಂಡು, ಎಂದಿನಂತೆ ಹತ್ತು ಮಾರು ಮುಂದೆ ನಡೆದರು.

ಮಧ್ಯಾಹ್ನ ನಡುಮನೆ ತುಂಬಿತ್ತು. ಕರೆಂಟು ಏರಿಳಿದು ಟಿವಿ ಕೈಕೊಡಬಾರದು ಅಂತ ಮಾವ ಎಲ್ಲಿಂದಲೋ ಹಳೆಯ ಸ್ಟೆಬಿಲೈಜರು ಎರವಲು ತಂದು ಟಿವಿಗೆ ಹಾಕಿದ್ದರು. ನಮ್ ಹುಡುಗ, ನಮ್ ಹುಡುಗಿ ಬಂದರು. ಏನು ಜಾರಿದರು ಅಂತೀರಿ! ನನ್ನಂಥ ನನಗೇ ಕಣ್ಣು ತುಂಬಿತು. ಆಟ ಮುಗಿಸಿ, ಏದುಸಿರು ಬಿಡುತ್ತಾ ಬೆಂಚಿನ ಮೇಲೆ ಕೂತರು. ಇನ್ನೇನು ಅಂಕ ಬರಬೇಕು, ಢಬ್! ಸ್ಟೆಬಿಲೈಜರಿನಿಂದ ಹೊಗೆ ಬಂತು, ಫ್ಯೂಸು ಹೋಯಿತು, ಟಿವಿ ಕಪ್ಪಾಯಿತು. ಕರೆಂಟನ್ನು ಕಾಯಲಿ ಅಂತ ತಂದದ್ದೇ ಅದನ್ನು ತೆಗೆದಿತ್ತು!

ಮಾವ ಪಂಚೆ ಎತ್ತಿ ಕಟ್ಟಿ ಎದುರು ಮನೆಗೆ ಓಡಿದರು. ಅವರ ಹಿಂದೆ ನಾನು, ನನ್ನ ಹಿಂದೆ ನೆರೆಹೊರೆಯೆಲ್ಲ. ಎದುರು ಮನೆಯವರು ನೆಮ್ಮದಿಯಾಗಿ ಯಾವುದೋ ಸಿನಿಮಾ ನೋಡುತ್ತಿದ್ದರು. ಮಾವ ರಿಮೋಟು ಕಿತ್ತುಕೊಂಡು ಮೊಳೆ ಒತ್ತುವ ಹಾಗೆ ಒತ್ತಿದರು. ಬಂತು! ಬೆಂಚಿನ ಮೇಲೆ ಜೋಡಿ ಇನ್ನೂ ಕೂತೇ ಇತ್ತು.

ಆಗ ಬೀದಿಯಾಚೆಯಿಂದ ಒಂದು ಕೂಗು.

“ರೀ... ಎಷ್ಟು ಬಂತ್ರೀ?”

ಎಲ್ಲರೂ ತಿರುಗಿದೆವು. ಮಾವನ ಮನೆಯ ಹೊಸ್ತಿಲಲ್ಲಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತೆ ನಿಂತಿದ್ದರು! ಮಂಚದಿಂದ ಬಾಗಿಲವರೆಗೆ ಯಾರು ಕರೆದುಕೊಂಡು ಬಂದರು? ಯಾರೂ ಇಲ್ಲ. ನಾವೆಲ್ಲ ಬಿಟ್ಟು ಓಡಿಬಂದಿದ್ದೆವಲ್ಲ. ತಾವು ನಿಂತಿದ್ದೇವೆ ಎನ್ನುವುದು ಅತ್ತೆಗೆ ಆಗಲೇ ಹೊಳೆಯಿತೋ ಏನೋ, ಕೆಳಗೆ ನೋಡಿದರು. ನೋಡಿದ್ದೇ ತಡ, ಮುಖ ಬಿಳಿಚಿಕೊಂಡಿತು, ಕಾಲು ನಡುಗತೊಡಗಿತು.

ಮಾವನ ಕೈಯಿಂದ ರಿಮೋಟು ಬಿತ್ತು. ಟಿವಿಗೆ ಬೆನ್ನು ಹಾಕಿ ಬೀದಿ ದಾಟಿ ಹೋದರು. ಮೆಟ್ಟಿಲ ಕೆಳಗೆ ನಿಂತು ಎರಡೂ ಕೈ ಚಾಚಿದರು.

“ಕೆಳಗೆ ನೋಡಬ್ಯಾಡ ಕಣೇ. ನನ್ನ ಮುಖ ನೋಡು.”

“ಬಿದ್ದೋಯ್ತೀನ್ರೀ...”

“ನಾನು ಕೈ ಬಿಟ್ರೆ ತಾನೇ ನೀನು ಬೀಳೋದು? ಬಾ.”

ಅತ್ತೆ ಕೈ ಕೊಟ್ಟರು. ಮಾವ ಹಿಂದೆ ಹಿಂದಕ್ಕೆ ಹೆಜ್ಜೆ ಹಾಕಿದರು, ಅತ್ತೆ ಮುಂದಕ್ಕೆ. ಬೀದಿಯಲ್ಲಿ ಬರುತ್ತಿದ್ದ ಸ್ಕೂಟರಿನವನು ಎಂಜಿನ್ ಆರಿಸಿ ನಿಂತ. ನನ್ನ ಬೆನ್ನ ಹಿಂದೆ ಟಿವಿಯಲ್ಲಿ ಜನ ಹೋ ಅಂತ ಕೂಗಿದರು. ಒಮ್ಮೆ ತಿರುಗಿ ನೋಡಿದೆ. ನಮ್ ಹುಡುಗ ಹುಡುಗಿಗೆ ಎರಡನೇ ಸ್ಥಾನ.

ಸಂಜೆ ಜಗಲಿಯ ಮೇಲೆ ಅತ್ತೆಯ ಪಕ್ಕದಲ್ಲಿ ಮಾವ ಕೂತಿದ್ದರು. ಹೌದು, ಪಕ್ಕದಲ್ಲೇ! ಗೆದ್ದದ್ದು ಯಾರು ಅಂತ ಅಲ್ಲಿಯವರೆಗೂ ಅವರು ಕೇಳಿರಲಿಲ್ಲ. ಹೆದರುತ್ತಲೇ ಹೇಳಿದೆ. ಊಟ ಬಿಡುತ್ತಾರೆ ಅಂದುಕೊಂಡಿದ್ದೆ, “ಹೌದಾ? ಪಾಪ” ಅಂದರು, ಅಷ್ಟೇ.

ನನ್ನ ಬಾಯಿ ಸುಮ್ಮನಿರಬೇಕಲ್ಲ! “ಅಲ್ಲ ಮಾವ, ಹೂವು ಬಲಕ್ಕೆ ಬಿದ್ದಿತ್ತಲ್ಲ? ಶಿವ ಸುಳ್ಳು ಹೇಳಿದ್ನಾ ಹಾಗಾದ್ರೆ?”

ಮಾವ ಕಿವಿಯ ಮೇಲಿದ್ದ ಬಾಡಿದ ಕಣಗಿಲೆಯನ್ನು ತೆಗೆದು ಅತ್ತೆಯ ಮಡಿಲಿಗೆ ಹಾಕಿದರು.

“ಅವರ ವಿಷಯ ನಾನು ಕೇಳೇ ಇರ್ಲಿಲ್ಲ ಕಣೇ.”